ಶಾರ್ಟ್ ಮಾಡಿ ಅಳೆದ ಮೈಕು

ಸ್ಟುಡಿಯೋ ಮೈಕುಗಳ ಒಳಗಿನ ಸರ್ಕ್ಯೂಟ್ ರೂಪಿಸುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದೇ ಒಂದು ರೆಸಿಸ್ಟರ್ ನನ್ನನ್ನು ಎರಡು ವಾರ ಕುಣಿಸಿತು. ಅದನ್ನು ಆರಿಸಿದವನು ನಾನೇ.

ಕಂಡೆನ್ಸರ್ ಮೈಕಿನಲ್ಲಿ ಸದ್ದು ಹಿಡಿಯುವ ಭಾಗವಾದ ಕ್ಯಾಪ್ಸೂಲ್ ಎಂದರೆ ಸುಮಾರು 50 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್. ಅದರ ಸಿಗ್ನಲ್ ನೇರವಾಗಿ ಜೆಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರಿನ ಗೇಟಿಗೆ, ಎಂದರೆ ಇನ್‌ಪುಟ್ ಕಾಲಿಗೆ, ಹೋಗುತ್ತದೆ. ಗೇಟಿನಿಂದ ಗ್ರೌಂಡಿಗೆ ಒಂದು ಭಾರಿ ರೆಸಿಸ್ಟರ್ ಬೇಕು, ರೂಢಿಯಲ್ಲಿರುವುದು 1 ಗಿಗಾಓಮ್. ರೆಸಿಸ್ಟರ್ ದೊಡ್ಡದಾದಷ್ಟೂ ಅದು ಉಷ್ಣದಿಂದ ತಾನೇ ಹುಟ್ಟಿಸುವ ನಾಯ್ಸ್ ಹೆಚ್ಚು ಎಂದು ಪುಸ್ತಕದಲ್ಲಿ ಓದಿಕೊಂಡಿದ್ದೆನಲ್ಲ, ಹಿರಿಯರಿಗಿಂತ ಜಾಣನಾಗಲು ಹೊರಟು ಅದರ ಹತ್ತನೇ ಒಂದರಷ್ಟು, 100 ಮೆಗಾಓಮ್ ಹಾಕಿದೆ.

ಮೊದಲ ಮಾದರಿಯ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿದರೆ ತಳದಲ್ಲಿ ದಪ್ಪನೆಯ ಗೊರಗೊರ. ಕ್ಯಾಪ್ಸೂಲ್ ಬಿಚ್ಚಿಟ್ಟು, ಗೇಟನ್ನು ಗ್ರೌಂಡಿಗೆ ಶಾರ್ಟ್ ಮಾಡಿ, ಎಂದರೆ ತಂತಿಯ ತುಂಡಿನಿಂದ ನೇರ ಜೋಡಿಸಿ, ಅಳೆದೆ. ಮೀಟರ್ ತಣ್ಣಗಿತ್ತು. ಹಾಗಾದರೆ ತಪ್ಪು ಕ್ಯಾಪ್ಸೂಲಿನದೇ ಎಂದು ಒಂದರ ಮೇಲೊಂದು ಮೂರು ಕ್ಯಾಪ್ಸೂಲ್ ಬದಲಿಸಿದೆ. ಗೊರಗೊರ ಕದಲಲಿಲ್ಲ.

ಮುಂದಿನ ಬೆಪ್ಪುತನ ಇನ್ನೂ ಸೊಗಸಾದುದು. ಶಾರ್ಟ್ ಮಾಡಿದಾಗ ಮೀಟರಿನಲ್ಲಿ ಉಳಿಯುತ್ತಿದ್ದ ಅಲ್ಪಸ್ವಲ್ಪ ನಾಯ್ಸ್ ಜೆಫೆಟ್‌ನದು. ಅದನ್ನಾದರೂ ಇಳಿಸೋಣವೆಂದು 2ಎಸ್‌ಕೆ170 ಎಂಬ ಜೆಫೆಟ್ ತಂದು ಬೆಸೆದೆ. ರೂಟ್ ಹರ್ಟ್ಜ್‌ಗೆ 1 ನ್ಯಾನೋವೋಲ್ಟ್ ಆಸುಪಾಸಿನ ನಾಯ್ಸ್, ಹೆಸರುವಾಸಿ ಭಾಗ. ಮೀಟರಿನ ಅಂಕಿ ಚೆಂದವಾಗಿ ಇಳಿಯಿತು. ಮೈಕು ಮಾತ್ರ ಇನ್ನಷ್ಟು ಕೆಟ್ಟಿತು! ಆ ಭಾಗದ ಇನ್‌ಪುಟ್ ಕೆಪಾಸಿಟೆನ್ಸ್ 30 ಪಿಕೋಫ್ಯಾರಡ್. ಅದರಲ್ಲಿ ಗೇಟ್ ಮತ್ತು ಡ್ರೇನ್ (ಔಟ್‌ಪುಟ್ ಕಾಲು) ನಡುವಿನ 6 ಪಿಕೋಫ್ಯಾರಡ್, ಸಿಗ್ನಲನ್ನು ತಲೆಕೆಳಗು ಮಾಡಿ 5 ಪಟ್ಟು ಹಿಗ್ಗಿಸುವ ನನ್ನ ಹಂತದಲ್ಲಿ 36ರಷ್ಟು ಹಿಗ್ಗುತ್ತದೆ. ಉಳಿದ 24 ಸೇರಿ ಒಟ್ಟು 60. ಐವತ್ತರ ಕ್ಯಾಪ್ಸೂಲ್ ಅರುವತ್ತನ್ನು ಹೊತ್ತು ನಿಂತರೆ ಗೇಟಿಗೆ ತಲುಪುವುದು ಅರ್ಧಕ್ಕಿಂತ ಕಡಿಮೆ ಸಿಗ್ನಲ್.

ವರ್ಕ್‌ಶಾಪಿನ ಹಿರಿಯರೊಬ್ಬರು ನನ್ನ ಮೇಜಿನ ಬಳಿ ಬಂದು ಕೇಳಿದ್ದು ಒಂದೇ ಪ್ರಶ್ನೆ: “ಕ್ಯಾಪ್ಸೂಲ್ ಏನು ತಂತಿಯ ತುಂಡೇ?” 47 ಪಿಕೋಫ್ಯಾರಡ್‌ನ ಒಂದು ಕೆಪಾಸಿಟರನ್ನು ಕ್ಯಾಪ್ಸೂಲಿನ ಜಾಗದಲ್ಲಿ ಕೂರಿಸಿ, ಎಲ್ಲವನ್ನೂ ತಗಡಿನ ಡಬ್ಬಿಯೊಳಗಿಟ್ಟು ಮುಚ್ಚಿದರು. ಗಾಳಿಯ ಸದ್ದೂ ಇಲ್ಲ, ಕೋಣೆಯ ಸದ್ದೂ ಇಲ್ಲ. ಗೊರಗೊರ ಹಾಗೆಯೇ ಇತ್ತು.

ನಾನು ಶಾರ್ಟ್ ಮಾಡಿದಾಗಲೆಲ್ಲ ರೆಸಿಸ್ಟರಿನ ನಾಯ್ಸನ್ನೂ ಗ್ರೌಂಡಿಗೆ ಇಳಿಸಿಬಿಡುತ್ತಿದ್ದೆ. ಅಪರಾಧಿಯನ್ನು ಹೊರಗೆ ಕಳುಹಿಸಿ ವಿಚಾರಣೆ ನಡೆಸಿದ ಹಾಗೆ. ಪುಸ್ತಕ ಸುಳ್ಳು ಹೇಳಿರಲಿಲ್ಲ, ನಾನು ಅರ್ಧ ಓದಿದ್ದೆ. ಮೈಕಿನೊಳಗೆ ರೆಸಿಸ್ಟರ್ ಒಂಟಿಯಲ್ಲ, ಅದರ ನಾಯ್ಸನ್ನು ಕ್ಯಾಪ್ಸೂಲಿನ ಕೆಪಾಸಿಟೆನ್ಸ್ ಸೋಸುತ್ತದೆ. ರೆಸಿಸ್ಟರ್ ದೊಡ್ಡದಾದಷ್ಟೂ ಸೋಸುವಿಕೆ ಶುರುವಾಗುವ ಮಿತಿ ಕೆಳಗಿಳಿಯುತ್ತದೆ: 100 ಮೆಗಾಓಮ್‌ಗೆ ಸುಮಾರು 32 ಹರ್ಟ್ಜ್, 1 ಗಿಗಾಓಮ್‌ಗೆ ಸುಮಾರು 3 ಹರ್ಟ್ಜ್. ಹತ್ತು ಪಟ್ಟು ಹಿಗ್ಗಿಸಿದರೆ ಕೇಳುವ ವ್ಯಾಪ್ತಿಯಲ್ಲಿ ಆ ನಾಯ್ಸ್ 10 ಡೆಸಿಬಲ್ ಇಳಿಯುತ್ತದೆ. ನಾನು ಸರಿಯಾಗಿ ಉಲ್ಟಾ ಮಾಡಿದ್ದೆ, ಜೊತೆಗೆ ತಳದ ಸ್ವರಗಳನ್ನೂ ಕಡಿದಿದ್ದೆ.

ಮೈಕಿನ ಸಿಗ್ನಲನ್ನು ಹಿಗ್ಗಿಸುವ ಪ್ರಿಆಂಪ್‌ಗಳ ಕರಪತ್ರಗಳಲ್ಲೂ ಇದೇ ಆಟ ನಡೆಯುತ್ತದೆ. ಇನ್‌ಪುಟ್‌ಗೆ ಜೋಡಿಸಿದ 150 ಓಮ್‌ನ ಸೋರ್ಸ್ ತಾನಾಗಿಯೇ 20 ಕಿಲೋಹರ್ಟ್ಜ್ ವ್ಯಾಪ್ತಿಯಲ್ಲಿ ಸುಮಾರು −131 ಡಿಬಿಯು (ಆಡಿಯೋ ವೋಲ್ಟೇಜಿನ ಡೆಸಿಬಲ್ ಅಳತೆ) ನಾಯ್ಸ್ ಕೊಡುತ್ತದೆ. ಇನ್‌ಪುಟ್ ನಾಯ್ಸ್ ಅದಕ್ಕಿಂತ ಕಡಿಮೆ ಎಂದು ಯಾರಾದರೂ ಬರೆದಿದ್ದರೆ ಇನ್‌ಪುಟ್ ಶಾರ್ಟ್ ಮಾಡಿ ಅಳೆದಿದ್ದಾರೆಯೇ ಎಂದು ನಾನು ಮೊದಲು ನೋಡುತ್ತೇನೆ.

1 ಗಿಗಾಓಮ್ ಮತ್ತು ಕಡಿಮೆ ಕೆಪಾಸಿಟೆನ್ಸಿನ ಸಾಧಾರಣ ಜೆಫೆಟ್ ಹಾಕಿದ ಮೇಲೆ ಮೈಕು ಶಾಂತವಾಯಿತು, ಗಾಳಿಯಲ್ಲಿ ತೇವ ಏರುವ ತನಕ. ಆಮೇಲೆ ಚಟಪಟ ಶುರುವಾಯಿತು. ಅಷ್ಟು ದೊಡ್ಡ ರೆಸಿಸ್ಟರಿನ ಪಕ್ಕದಲ್ಲಿ ಬೆಸುಗೆಯ ಫ್ಲಕ್ಸಿನ ಕಲೆ, ಬೆರಳಚ್ಚು ಕೂಡ ತೇವ ಹೀರಿದೊಡನೆ ಸೋರುವ ದಾರಿಯಾಗುತ್ತದೆ. ಐಸೊಪ್ರೊಪಿಲ್ ಆಲ್ಕೋಹಾಲಿನಿಂದ ಬೋರ್ಡನ್ನು ಎರಡು ಸಲ ತೊಳೆದೆವು. ಗೇಟಿನ ಕಾಲು ಈಗ ಬೋರ್ಡನ್ನು ಮುಟ್ಟುವುದೇ ಇಲ್ಲ, ಟೆಫ್ಲಾನ್ ಗೂಟದ ಮೇಲೆ ಬೆಸೆದುಕೊಂಡು ಗಾಳಿಯಲ್ಲಿ ನಿಂತಿದೆ.