ಓರಿಯೋಲ್ಸ್ ಕಾರ್ಡ್ ಪೆಟ್ಟಿಗೆ: 2025ರ ಟಿಪ್ಪಣಿಗಳು

ಜನವರಿ

ಅಮೆರಿಕದ ಬಾಲ್ಟಿಮೋರ್ ಓರಿಯೋಲ್ಸ್ ಬೇಸ್‌ಬಾಲ್ ತಂಡದ ಪ್ರತಿ ಆಟಗಾರನಿಗೂ ಒಂದೊಂದು ಕಾರ್ಡ್ ಬರೆದಿಡುವ ನನ್ನ ಹವ್ಯಾಸಕ್ಕೆ ಈ ಚಳಿಗಾಲದಲ್ಲಿ ಹೊಸ ಶಿಸ್ತು ಬಂದಿದೆ. ಇಷ್ಟು ದಿನ ಕಾರ್ಡಿನಲ್ಲಿ ಹೆಸರು, ವಯಸ್ಸು, ಆಡುವ ಜಾಗ ಮಾತ್ರ ಇರುತ್ತಿದ್ದವು. ಈಗ ಆಟಗಾರ ತಂಡಕ್ಕೆ ಬಂದ ದಾರಿ ಯಾವುದು, ಇನ್ನೆಷ್ಟು ವರ್ಷ ತಂಡದ ಹಿಡಿತದಲ್ಲಿ ಇರುತ್ತಾನೆ ಎಂಬುದನ್ನೂ ಸೇರಿಸುತ್ತಿದ್ದೇನೆ. ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ವಾರ್ಷಿಕ ಆಯ್ಕೆ) ಆರಿಸಿಕೊಂಡವರಿಗೆ ಮತ್ತು ಹದಿಹರೆಯದಲ್ಲೇ ಸಹಿ ಹಾಕಿಸಿಕೊಂಡು ಬೆಳೆಸಿದ ಹೊರದೇಶದ ಹುಡುಗರಿಗೆ ಹಸಿರು ಪಟ್ಟಿ. ಬೇರೆ ತಂಡದೊಂದಿಗಿನ ವಿನಿಮಯದಲ್ಲಿ ಬಂದವರಿಗೆ ನೀಲಿ. ಹಣ ಕೊಟ್ಟು ತಂದವರಿಗೆ ಕೆಂಪು. ಬೇರೆಯವರು ಕೈಬಿಟ್ಟಾಗ ಅಥವಾ ಕಾಪಾಡಿಕೊಳ್ಳದೆ ಇದ್ದಾಗ ಎತ್ತಿಕೊಂಡವರಿಗೆ ಹಳದಿ.

ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನ ಪ್ರತಿ ತಂಡಕ್ಕೂ ನಲವತ್ತು ಜನರ ಪಟ್ಟಿ ಇರುತ್ತದೆ. ಅದರಲ್ಲಿ 26 ಮಂದಿ ಮಾತ್ರ ಪಂದ್ಯಕ್ಕೆ ಸಿದ್ಧರಾಗಿರುವವರು, ಉಳಿದವರು ಕೆಳಗಿನ ಲೀಗ್‌ಗಳಲ್ಲೋ ಗಾಯಾಳುಗಳ ಪಟ್ಟಿಯಲ್ಲೋ ಇರುತ್ತಾರೆ. ಮೇಲಿನ ಹಂತದಲ್ಲಿ 172 ದಿನ ಕಳೆದರೆ ಒಂದು ವರ್ಷದ ಸೇವಾವಧಿ. ಸಾಮಾನ್ಯವಾಗಿ ಮೂರು ವರ್ಷವಾದ ಮೇಲೆ ಸಂಬಳಕ್ಕಾಗಿ ಮಧ್ಯಸ್ಥಿಕೆ ಕೇಳುವ ಹಕ್ಕು, ಆರು ವರ್ಷ ತುಂಬಿದರೆ ಬೇಕಾದ ತಂಡಕ್ಕೆ ಹೋಗುವ ಸ್ವಾತಂತ್ರ್ಯ. ಯುವ ಆಟಗಾರನನ್ನು ಏಪ್ರಿಲ್‌ನಲ್ಲಿ ಕರೆಯಬೇಕೋ ಆಗಸ್ಟ್‌ನಲ್ಲಿ ಕರೆಯಬೇಕೋ ಎಂಬ ಪ್ರತಿ ನಿರ್ಧಾರದ ಹಿಂದೆಯೂ ಈ ಲೆಕ್ಕ ಕೂತಿರುತ್ತದೆ.

ಈ ತಿಂಗಳು ಎರಡು ದೊಡ್ಡ ಕಾರ್ಡುಗಳು ಪೆಟ್ಟಿಗೆಯಿಂದ ಹೊರಬಿದ್ದವು. ಪಿಚರ್ (ಚೆಂಡು ಎಸೆಯುವವರು) ಕಾರ್ಬಿನ್ ಬರ್ನ್ಸ್ ಡಿಸೆಂಬರ್‌ನಲ್ಲೇ ಆರು ವರ್ಷಕ್ಕೆ 21 ಕೋಟಿ ಡಾಲರ್ ಒಪ್ಪಿಕೊಂಡು ಅರಿಜೋನಾಗೆ ಹೊರಟರು. ಕಳೆದ ವರ್ಷ 44 ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ) ಹೊಡೆದ ಆಂಥನಿ ಸ್ಯಾಂಟಂಡರ್ ಈಗ ಟೊರಾಂಟೊ ಪಾಲು. ಸ್ಯಾಂಟಂಡರ್ ಕಾರ್ಡ್ ನನಗೆ ತುಂಬಾ ಇಷ್ಟದ್ದಾಗಿತ್ತು. ಅದು ಹಳದಿ ಪಟ್ಟಿಯದು: 2016ರಲ್ಲಿ ಕ್ಲೀವ್‌ಲೆಂಡ್ ತಂಡ ತನ್ನ ನಲವತ್ತರ ಪಟ್ಟಿಗೆ ಸೇರಿಸದೆ ಬಿಟ್ಟಿದ್ದ ಹುಡುಗನನ್ನು ರೂಲ್ 5 ಡ್ರಾಫ್ಟ್‌ನಲ್ಲಿ ಬಾಲ್ಟಿಮೋರ್ ಎತ್ತಿಕೊಂಡಿತ್ತು. ಇಬ್ಬರೂ ಹೋದದ್ದಕ್ಕೆ ಪರಿಹಾರವಾಗಿ ಬೇಸಿಗೆಯ ಡ್ರಾಫ್ಟ್‌ನಲ್ಲಿ ಎರಡು ಹೆಚ್ಚುವರಿ ಆಯ್ಕೆಗಳು ಸಿಗುತ್ತವೆ. ಅವುಗಳಿಗಾಗಿ ಎರಡು ಖಾಲಿ ಹಸಿರು ಕಾರ್ಡುಗಳನ್ನು ಈಗಲೇ ಕತ್ತರಿಸಿಟ್ಟಿದ್ದೇನೆ.

ಫೆಬ್ರುವರಿ

ಬಣ್ಣ ಹಚ್ಚುವ ಕೆಲಸ ಮುಗಿಯಿತು. ಇಂದು ಮೇಜಿನ ಮೇಲೆ ಎಲ್ಲವನ್ನೂ ಹರಡಿದೆ. ಬ್ಯಾಟರ್‌ಗಳು ಎಡಕ್ಕೆ, ಪಿಚರ್‌ಗಳು ಬಲಕ್ಕೆ.

ಎಡಗಡೆ ಹಸಿರೋ ಹಸಿರು. ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವ) ಆಡ್ಲಿ ರಚ್‌ಮನ್ 2019ರ ಇಡೀ ಡ್ರಾಫ್ಟ್‌ನ ಮೊದಲ ಆಯ್ಕೆ. ಅದೇ ವರ್ಷ 42ನೆಯವನಾಗಿ ಬಂದ ಗನ್ನರ್ ಹೆಂಡರ್ಸನ್ 2023ರಲ್ಲಿ ಸರ್ವಾನುಮತದಿಂದ ಅಮೆರಿಕನ್ ಲೀಗ್‌ನ ವರ್ಷದ ಹೊಸ ಆಟಗಾರನಾದ. 2020ರಲ್ಲಿ ಹೆಸ್ಟನ್ ಕೆರ್‌ಸ್ಟಾಡ್ ಮತ್ತು ಜೋರ್ಡನ್ ವೆಸ್ಟ್‌ಬರ್ಗ್, 2021ರಲ್ಲಿ ಕೋಲ್ಟನ್ ಕೌಸರ್, 2022ರಲ್ಲಿ ಮತ್ತೆ ಮೊದಲ ಆಯ್ಕೆಯಾಗಿ ಜಾಕ್ಸನ್ ಹಾಲಿಡೇ. 2018ರ 115 ಸೋಲು, 2019ರ 108, 2021ರ 110 ಸೋಲುಗಳನ್ನು ಸಹಿಸಿಕೊಂಡ ಊರಿಗೆ ಸಿಕ್ಕಿದ ಫಲ ಇದು. 2023ರಲ್ಲಿ ಈ ಹುಡುಗರೇ 101 ಪಂದ್ಯ ಗೆದ್ದು ವಿಭಾಗದ ಅಗ್ರಸ್ಥಾನಕ್ಕೆ ಏರಿದರು.

ಬಲಗಡೆಯ ಚಿತ್ರ ಬೇರೆ. ಕೈಲ್ ಬ್ರಾಡಿಷ್ ನೀಲಿ, ಡಿಲನ್ ಬಂಡಿಯನ್ನು ಏಂಜಲ್ಸ್‌ಗೆ ಕೊಟ್ಟಾಗ ಬಂದವರು. ಡೀನ್ ಕ್ರೆಮರ್ ನೀಲಿ, ಮ್ಯಾನಿ ಮಚಾಡೊ ವಿನಿಮಯದಲ್ಲಿ ಬಂದವರು. ಟೈಲರ್ ವೆಲ್ಸ್ ರೂಲ್ 5ರಿಂದ ಬಂದ ಹಳದಿ. ಈ ಚಳಿಗಾಲದಲ್ಲಿ ತಂದ ಚಾರ್ಲಿ ಮಾರ್ಟನ್‌ಗೆ 41 ವರ್ಷ, ಜಪಾನಿನ ತೊಮೊಯುಕಿ ಸುಗಾನೊಗೆ 35, ಇಬ್ಬರೂ ಕೆಂಪು. ಆರಂಭಿಕ ಪಿಚರ್‌ಗಳ ಸಾಲಿನಲ್ಲಿ ಕಣ್ಣಿಗೆ ಹೊಡೆಯುವ ಹಸಿರು ಗ್ರೇಸನ್ ರಾಡ್ರಿಗೆಜ್ ಒಬ್ಬರದೇ. ಅವರನ್ನು ಆರಿಸಿದ್ದು 2018ರಲ್ಲಿ, ಈಗಿನ ಮುಖ್ಯಸ್ಥ ಮೈಕ್ ಎಲಿಯಾಸ್ ಬರುವುದಕ್ಕೂ ಮೊದಲು.

ಎಲಿಯಾಸ್ ಬಂದ ಮೇಲೆ ಮೊದಲ ಸುತ್ತಿನಲ್ಲಿ ಒಬ್ಬ ಪಿಚರ್‌ನನ್ನೂ ಆರಿಸಿಲ್ಲ. ಇದರ ಹಿಂದಿನ ತರ್ಕ ನನಗೆ ಅರ್ಥವಾಗುತ್ತದೆ. ಪಿಚರ್‌ನ ಮೊಣಕೈ ಯಾವಾಗ ಕೈಕೊಡುತ್ತದೆ ಎಂದು ಯಾರೂ ಹೇಳಲಾರರು. ಕಾಲೇಜಿನಲ್ಲಿ ಚೆನ್ನಾಗಿ ಬ್ಯಾಟ್ ಮಾಡಿದ ಹುಡುಗನ ಮುಂದಿನ ದಾರಿಯನ್ನು ಅದಕ್ಕಿಂತ ನಂಬಿಕೆಯಿಂದ ಊಹಿಸಬಹುದು. ಬ್ಯಾಟರ್‌ಗಳನ್ನು ಬೆಳೆಸಿ, ಹೆಚ್ಚಾದವರನ್ನು ಕೊಟ್ಟು ಪಿಚರ್‌ಗಳನ್ನು ತರುವುದು ಒಳ್ಳೆಯ ಯೋಜನೆಯೇ. ಆದರೆ ಆ ಯೋಜನೆಯ ಎರಡನೆಯ ಅರ್ಧವನ್ನು ಮಾಡದೆ ಉಳಿದರೆ ಮೊದಲನೆಯ ಅರ್ಧಕ್ಕೆ ಬೆಲೆಯಿಲ್ಲ. ಕಳೆದ ವರ್ಷ ಜೋಯಿ ಆರ್ಟಿಜ್ ಮತ್ತು ಡಿ.ಎಲ್. ಹಾಲ್ ಅವರನ್ನು ಮಿಲ್ವಾಕಿಗೆ ಕೊಟ್ಟು ಬರ್ನ್ಸ್ ಅವರನ್ನು ತಂದರು. ಬರ್ನ್ಸ್ 15 ಪಂದ್ಯ ಗೆದ್ದುಕೊಟ್ಟರು. ಈ ವರ್ಷ ಅಂಥ ಯಾವ ಹೆಜ್ಜೆಯೂ ಕಾಣುತ್ತಿಲ್ಲ. ಬಲಗಡೆಯ ಸಾಲನ್ನು ನೋಡಿದರೆ ನನಗೆ ನಿಜವಾಗಿಯೂ ಕಳವಳವಾಗುತ್ತದೆ.

ಏಪ್ರಿಲ್

ರಾಡ್ರಿಗೆಜ್ ಋತು ಆರಂಭವಾಗುವ ಮೊದಲೇ ಗಾಯಾಳು. ಬ್ರಾಡಿಷ್ ಮತ್ತು ವೆಲ್ಸ್ ಕಳೆದ ವರ್ಷದ ಮೊಣಕೈ ಶಸ್ತ್ರಚಿಕಿತ್ಸೆಯಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದಾರೆ. ಜ್ಯಾಕ್ ಎಫ್ಲಿನ್ ಕೂಡ ಹೊರಗೆ. 20ರಂದು, ಈಸ್ಟರ್ ಭಾನುವಾರ, ತವರು ಮೈದಾನ ಕ್ಯಾಮ್ಡನ್ ಯಾರ್ಡ್ಸ್‌ನಲ್ಲೇ ಸಿನ್ಸಿನಾಟಿ ರೆಡ್ಸ್ ವಿರುದ್ಧ 24-2 ಸೋಲು. ಸ್ಕೋರ್ ಪುಸ್ತಕದಲ್ಲಿ ಪ್ರತಿ ಪಂದ್ಯಕ್ಕೆ ಒಂದು ಪುಟ ಇಟ್ಟುಕೊಂಡಿದ್ದೇನೆ. ಅವತ್ತು ರೆಡ್ಸ್ ಪಾಲಿನ ಚೌಕಗಳು ಸಾಲದೆ ಅಂಚಿನಲ್ಲಿ ಬರೆಯಬೇಕಾಯಿತು.

ಮೇ

ತರಬೇತುದಾರ ಬ್ರ್ಯಾಂಡನ್ ಹೈಡ್ ಅವರನ್ನು 17ರಂದು ತೆಗೆದರು. ತಂಡ ಆಗ 15 ಗೆಲುವು, 28 ಸೋಲಿನಲ್ಲಿತ್ತು. ಕಟ್ಟುವ ಕಾಲದ ಎಲ್ಲ ಸೋಲುಗಳನ್ನೂ ಮೈಮೇಲೆ ಹಾಕಿಕೊಂಡು ತಂಡವನ್ನು 101 ಗೆಲುವಿಗೆ ಮುಟ್ಟಿಸಿದವರು ಅವರು. ಎಸೆಯುವ ಕೈಗಳನ್ನು ಕೊಡದೆ ಹೈಡ್ ಅವರನ್ನು ಹೊಣೆ ಮಾಡಿದ್ದು ನನಗೆ ಒಪ್ಪಿಗೆಯಿಲ್ಲ.

ಜೂನ್

ಹಾಲಿಡೇ ಕಾರ್ಡಿನ ಹಿಂಬದಿ ತುಂಬಿದೆ, ಎರಡನೇ ಕಾರ್ಡ್ ಜೋಡಿಸಿದೆ. ಈ ಕಾರ್ಡನ್ನು ಯುವ ಪ್ರತಿಭೆಯ ಬಗ್ಗೆ ಮಾತನಾಡುವ ಯಾರಿಗಾದರೂ ತೋರಿಸಬೇಕು ಅನ್ನಿಸುತ್ತದೆ. ಕಳೆದ ವರ್ಷ ಏಪ್ರಿಲ್ 10ರಂದು ಬಾಸ್ಟನ್‌ನಲ್ಲಿ ಮೊದಲ ಪಂದ್ಯ, ಆಗ ಇಪ್ಪತ್ತು ವರ್ಷ. ಮುಂದಿನ ಸಾಲು: 34 ಅವಕಾಶ, 2 ಹಿಟ್ (ಬೇಸ್ ಮುಟ್ಟಿಸಿದ ಹೊಡೆತ), 18 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್). ಏಪ್ರಿಲ್ ಮುಗಿಯುವ ಮೊದಲೇ ಮತ್ತೆ ಕೆಳಗಿನ ತಂಡ ನಾರ್ಫೋಕ್‌ಗೆ. ಅದರ ಕೆಳಗಿನ ಸಾಲು ಜುಲೈ 31ರದು: ವಾಪಸು ಕರೆದ ದಿನವೇ ಟೊರಾಂಟೊ ವಿರುದ್ಧ, ಮೂರೂ ಬೇಸ್‌ಗಳಲ್ಲಿ ಓಟಗಾರರಿದ್ದಾಗ, ತನ್ನ ವೃತ್ತಿಜೀವನದ ಮೊದಲ ಹೋಮ್ ರನ್.

ಆದರೆ ಒಂದು ಹೊಡೆತದಿಂದ ಹುಡುಗ ತಯಾರಾಗಿಬಿಡುವುದಿಲ್ಲ. ಆ ಋತುವಿನ ಉಳಿದ ಭಾಗದಲ್ಲೂ ಅವನು ಒದ್ದಾಡಿದ. ಈ ವರ್ಷ ದಿನವೂ ಆಡಿಸುತ್ತಿದ್ದಾರೆ, ಕೆಟ್ಟ ವಾರ ಬಂದರೂ ತೆಗೆಯುತ್ತಿಲ್ಲ. ಸೆಕೆಂಡ್ ಬೇಸ್‌ನಲ್ಲಿ ಅವನ ಪಾದ ಈಗ ಸರಿಯಾದ ಕ್ಷಣಕ್ಕೆ ಚಲಿಸುತ್ತದೆ. ಎತ್ತರದ ವೇಗದ ಚೆಂಡಿಗೆ ಮೊದಲಿನಂತೆ ಬಲಿಯಾಗುವುದಿಲ್ಲ. ನಿರೀಕ್ಷಿಸಿದ್ದಕ್ಕಿಂತ ನಿಧಾನವಾಗಿ, ಆದರೆ ಗಟ್ಟಿಯಾಗಿ ಬೆಳೆಯುತ್ತಿದ್ದಾನೆ. ಇಂಥವರಿಗೆ 26ರ ಪಟ್ಟಿಯಲ್ಲಿ ಒಂದು ಜಾಗ ಕಾಯ್ದಿಡುವುದು ತಂಡಕ್ಕೆ ದುಬಾರಿಯೇ. ಆ ಬೆಲೆಯನ್ನು ತೆರಲೇಬೇಕು.

ಜುಲೈ

ಕಾರ್ಡುಗಳ ಮಟ್ಟಿಗೆ ವರ್ಷದ ಅತ್ಯಂತ ಕೆಲಸದ ತಿಂಗಳು.

ಡ್ರಾಫ್ಟ್ ಮೊದಲು. 19ನೆಯವನಾಗಿ ಐಕ್ ಐರಿಷ್. ಬರ್ನ್ಸ್, ಸ್ಯಾಂಟಂಡರ್ ಹೋದದ್ದರ ಪರಿಹಾರದ 30 ಮತ್ತು 31ರಲ್ಲಿ ಕೇಡನ್ ಬೋಡೈನ್, ವೆಹಿವಾ ಅಲೋಯ್. ಬ್ರಯನ್ ಬೇಕರ್ ಎಂಬ ಪಿಚರ್‌ನನ್ನು ಟ್ಯಾಂಪಾ ಬೇ ರೇಸ್‌ಗೆ ಕೊಟ್ಟು ಪಡೆದ 37ರಲ್ಲಿ ಸ್ಲೇಟರ್ ಡಿ ಬ್ರುನ್. ನಾಲ್ವರೂ ಬ್ಯಾಟರ್‌ಗಳು. ಮೊದಲ ಪಿಚರ್ ಬಂದದ್ದು ಎರಡನೇ ಸುತ್ತಿನಲ್ಲಿ.

ತಿಂಗಳ ಕೊನೆಯ ವಿನಿಮಯದ ಗಡುವಿಗೆ ಮಾರಾಟ. ಸೆಡ್ರಿಕ್ ಮಲಿನ್ಸ್ ನ್ಯೂಯಾರ್ಕ್ ಮೆಟ್ಸ್‌ಗೆ, ರಯನ್ ಓಹರ್ನ್ ಮತ್ತು ರಾಮೋನ್ ಲೌರಿಯಾನೊ ಸ್ಯಾನ್ ಡಿಯಾಗೊಗೆ, ಮಾರ್ಟನ್ ಡೆಟ್ರಾಯಿಟ್‌ಗೆ, ಇನ್ನೂ ಹಲವರು. ಮಲಿನ್ಸ್ ಕಾರ್ಡ್ ತೆಗೆಯುವಾಗ ಕೈ ತಡೆಯಿತು. 2015ರ ಡ್ರಾಫ್ಟ್‌ನ 13ನೇ ಸುತ್ತಿನಲ್ಲಿ ಬಂದ ಹುಡುಗ, ಎಲ್ಲೂ ಗೆಲುವಿಲ್ಲದ 2021ರಲ್ಲಿ 30 ಹೋಮ್ ರನ್, 30 ಸ್ಟೀಲ್ (ಎದುರಾಳಿಯ ಕಣ್ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದು) ಮಾಡಿ ಈ ತಂಡದ ಇತಿಹಾಸದಲ್ಲೇ ಆ ಎರಡನ್ನೂ ಒಟ್ಟಿಗೆ ಮಾಡಿದ ಮೊದಲಿಗನಾದವನು. ಸೋಲಿನ ದಿನಗಳಲ್ಲಿ ಮೈದಾನಕ್ಕೆ ಹೋಗಲು ಒಂದು ಕಾರಣ ಕೊಟ್ಟವನು.

ಇನ್ನೊಂದು ಲೆಕ್ಕ ಈ ತಿಂಗಳು ತಿರುಗಿದೆ. ಕಳೆದ ಜುಲೈನಲ್ಲಿ ಕೈಲ್ ಸ್ಟವರ್ಸ್, ಕಾನರ್ ನಾರ್ಬಿ ಎಂಬ ಎರಡು ಹಸಿರು ಕಾರ್ಡುಗಳನ್ನು ಮಯಾಮಿಗೆ ಕೊಟ್ಟು ಎಡಗೈ ಪಿಚರ್ ಟ್ರೆವರ್ ರಾಜರ್ಸ್ ಅವರನ್ನು ತಂದಿದ್ದರು. ರಾಜರ್ಸ್ ನಾಲ್ಕು ಪಂದ್ಯಗಳಲ್ಲೇ ಎಡವಿ ನಾರ್ಫೋಕ್‌ಗೆ ಹೋದರು. ಊರಿನಲ್ಲಿ ಎಲ್ಲರೂ ಇದನ್ನು ದಂಡದ ವ್ಯಾಪಾರ ಎಂದರು. ಸ್ಟವರ್ಸ್ ಈ ವರ್ಷ ಆಲ್ ಸ್ಟಾರ್ ಆದಾಗ ಆ ಮಾತು ಇನ್ನೂ ಜೋರಾಯಿತು. ಆದರೆ ರಾಜರ್ಸ್ ಈಗ ಎಸೆಯುತ್ತಿರುವ ಪರಿ ನೋಡಿ: ಬ್ಯಾಟರ್‌ಗಳಿಗೆ ಉಸಿರಾಡಲು ಬಿಡುತ್ತಿಲ್ಲ. ಎರಡೂ ತಂಡಗಳಿಗೆ ಬೇಕಾದದ್ದು ಸಿಕ್ಕಿದೆ. ಬ್ಯಾಟರ್ ಕೊಟ್ಟು ಪಿಚರ್ ತರುವ ಧೈರ್ಯ ಫಲ ಕೊಡುತ್ತದೆ ಎನ್ನಲು ನನ್ನ ಪೆಟ್ಟಿಗೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಆಗಸ್ಟ್

ಎರಡು ಹೊಸ ಹಸಿರು ಕಾರ್ಡುಗಳು 26ರ ಸಾಲಿಗೆ ಬಂದವು. ಡಿಲನ್ ಬೀವರ್ಸ್ 16ರಂದು, ಸ್ಯಾಮ್ಯುಯೆಲ್ ಬಸಾಯೊ ಮರುದಿನ ಹ್ಯೂಸ್ಟನ್‌ನಲ್ಲಿ.

ಈ ತಾರೀಖುಗಳು ಆಕಸ್ಮಿಕವಲ್ಲ. 16ರಿಂದ ಋತುವಿನ ಕೊನೆಯ ದಿನ ಸೆಪ್ಟೆಂಬರ್ 28ರವರೆಗೆ ಎಣಿಸಿದರೆ 44 ದಿನ. 45 ದಿನ ಮೀರಿದರೆ ಆಟಗಾರ ಮುಂದಿನ ವರ್ಷ ಹೊಸಬ ಎನಿಸಿಕೊಳ್ಳುವುದಿಲ್ಲ. ಮುಂಚೂಣಿಯ ಹೊಸಬನನ್ನು ಮುಂದಿನ ಋತುವಿನ ಆರಂಭದಿಂದಲೇ ಆಡಿಸಿ, ಅವನು ವರ್ಷದ ಹೊಸ ಆಟಗಾರನಾದರೆ ತಂಡಕ್ಕೆ ಒಂದು ಹೆಚ್ಚುವರಿ ಡ್ರಾಫ್ಟ್ ಆಯ್ಕೆ ಸಿಗುತ್ತದೆ. ಹೆಂಡರ್ಸನ್ ವಿಷಯದಲ್ಲಿ ಹೀಗೇ ಆಯಿತು: 2022ರ ಆಗಸ್ಟ್ 31ರಂದು ಬಂದ, ಮರುವರ್ಷ ಪ್ರಶಸ್ತಿ ಗೆದ್ದ, 2024ರಲ್ಲಿ ತಂಡಕ್ಕೆ 32ನೇ ಆಯ್ಕೆ ಸಿಕ್ಕಿತು. ಹುಡುಗನೊಬ್ಬ ತಯಾರಾಗಿದ್ದರೂ ಕ್ಯಾಲೆಂಡರ್ ನೋಡಿ ಕಾಯಿಸುವುದು ನನಗೆ ಇಷ್ಟವಾಗುವುದಿಲ್ಲ. ನಿಯಮ ಹೀಗಿರುವಾಗ ತಂಡವೊಂದನ್ನೇ ದೂರಿ ಪ್ರಯೋಜನವೂ ಇಲ್ಲ.

ದೊಡ್ಡ ಸುದ್ದಿ 22ರಂದು. ಬಸಾಯೊ ಜೊತೆ ಎಂಟು ವರ್ಷಕ್ಕೆ 6.7 ಕೋಟಿ ಡಾಲರ್ ಒಪ್ಪಂದ. ಡೊಮಿನಿಕನ್ ರಿಪಬ್ಲಿಕ್‌ನಿಂದ 2021ರಲ್ಲಿ ಸಹಿ ಹಾಕಿ ಬಂದ ಹುಡುಗನಿಗೆ ಈಗ ಇಪ್ಪತ್ತೊಂದು ವರ್ಷ, ಮೇಜರ್ ಲೀಗ್‌ನಲ್ಲಿ ಒಂದು ವಾರವೂ ಆಗಿಲ್ಲ. ಎಲಿಯಾಸ್ ಬಂದ ಮೇಲೆ ಬೆಳೆಸಿದ ಹುಡುಗನೊಬ್ಬನೊಂದಿಗೆ ಹೀಗೆ ದೀರ್ಘಕಾಲದ ಒಪ್ಪಂದ ಮಾಡಿಕೊಂಡದ್ದು ಇದೇ ಮೊದಲು. ಅಟ್ಲಾಂಟಾದಂಥ ತಂಡಗಳು ವರ್ಷಗಳಿಂದ ಮಾಡುತ್ತಿರುವುದನ್ನು ಬಾಲ್ಟಿಮೋರ್ ಈಗ ಶುರು ಮಾಡಿದೆ. ರಚ್‌ಮನ್ 2027ರ ನಂತರ, ಹೆಂಡರ್ಸನ್ 2028ರ ನಂತರ ಸ್ವತಂತ್ರರಾಗುತ್ತಾರೆ. ಆ ಎರಡು ಕಾರ್ಡುಗಳ ಮೂಲೆಯ ಸಂಖ್ಯೆಗಳು ನನ್ನನ್ನು ಕಾಡುತ್ತಲೇ ಇವೆ.

ಸೆಪ್ಟೆಂಬರ್

5 ಮತ್ತು 6ನೇ ತಾರೀಖು, ಎದುರಾಳಿ ಹಾಲಿ ಚಾಂಪಿಯನ್ ಲಾಸ್ ಏಂಜಲೀಸ್ ಡಾಡ್ಜರ್ಸ್. ಮೊದಲ ರಾತ್ರಿ ಒಂಬತ್ತನೇ ಇನಿಂಗ್ಸ್‌ನಲ್ಲಿ ಬಸಾಯೊ ಟ್ಯಾನರ್ ಸ್ಕಾಟ್ ಎಸೆತವನ್ನು ಬೇಲಿಯಾಚೆ ಕಳಿಸಿ 2-1ರಿಂದ ಗೆಲ್ಲಿಸಿದ.

ಮರುದಿನ ಕ್ಯಾಲ್ ರಿಪ್ಕನ್ ಸತತ 2,131ನೇ ಪಂದ್ಯ ಆಡಿ ದಾಖಲೆ ಮುರಿದ 30ನೇ ವರ್ಷದ ಸಂಭ್ರಮ. ರಿಪ್ಕನ್ ಕೂಡ ಇದೇ ರಾಜ್ಯದ ಹುಡುಗ, 1978ರ ಡ್ರಾಫ್ಟ್‌ನ ಎರಡನೇ ಸುತ್ತಿನ ಆಯ್ಕೆ. ಆದರೆ ಆ ರಾತ್ರಿ ಓರಿಯೋಲ್ಸ್‌ಗೆ ಒಂದು ಹಿಟ್ ಕೂಡ ದಕ್ಕುತ್ತಿರಲಿಲ್ಲ. ಯೊಶಿನೊಬು ಯಮಮೊಟೊ ಒಂಬತ್ತನೇ ಇನಿಂಗ್ಸ್‌ನಲ್ಲಿ ಇಬ್ಬರನ್ನು ಔಟ್ ಮಾಡಿ 3-0 ಮುನ್ನಡೆಯಲ್ಲಿದ್ದರು. ಆಗ ಹಾಲಿಡೇ ಬಂದ. ಬಲಗಡೆಯ ಬೇಲಿಯನ್ನು ಸವರಿಕೊಂಡು ಹೋದ ಹೋಮ್ ರನ್. ಯಮಮೊಟೊ ಹೊರಗೆ. ಜೆರೆಮಾಯಾ ಜಾಕ್ಸನ್ ಡಬಲ್, ಹೆಂಡರ್ಸನ್‌ಗೆ ಚೆಂಡು ಬಡಿದು ಬೇಸ್, ಒಂದು ವಾಕ್ (ನಾಲ್ಕು ಕೆಟ್ಟ ಎಸೆತಗಳಿಗೆ ಸಿಗುವ ಬೇಸ್), ಬೀವರ್ಸ್ ಬ್ಯಾಟ್ ಎತ್ತದೆ ಕಾದು ಮತ್ತೊಂದು ವಾಕ್. ಕೊನೆಗೆ ಎಮ್ಯಾನುಯೆಲ್ ರಿವೇರಾ ಹೊಡೆತಕ್ಕೆ ಎರಡು ರನ್, 4-3. ರಿವೇರಾ ಕಾರ್ಡ್ ಹಳದಿ. ಮೊದಲ ಆಯ್ಕೆಯ ಹುಡುಗ ಬಾಗಿಲು ತೆರೆದ, ಬೇರೊಂದು ತಂಡ ಕೈಬಿಟ್ಟವನು ಒಳಗೆ ನುಗ್ಗಿದ. ಸ್ಕೋರ್ ಪುಸ್ತಕದ ಈ ಪುಟಕ್ಕೆ ಬಣ್ಣದ ಗುರುತು ಅಂಟಿಸಿದ್ದೇನೆ.

ಋತು ಮುಗಿದಾಗ 75 ಗೆಲುವು, 87 ಸೋಲು, ವಿಭಾಗದ ಕೊನೆಯ ಸ್ಥಾನ. ಕಳೆದ ವರ್ಷ 37 ಹೋಮ್ ರನ್ ಹೊಡೆದಿದ್ದ ಹೆಂಡರ್ಸನ್ ಈ ವರ್ಷ 17ಕ್ಕೆ ಇಳಿದ. ರಚ್‌ಮನ್ ಬ್ಯಾಟಿಂಗ್ ಸರಾಸರಿ .220. ರಾಜರ್ಸ್ ಮಾತ್ರ 18 ಪಂದ್ಯಗಳಲ್ಲಿ 1.81ರ ಸರಾಸರಿಯಲ್ಲಿ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್) ಮುಗಿಸಿದರು.

ನವೆಂಬರ್

ಬಲಗಡೆಯ ಹಸಿರು ಕಾರ್ಡ್ ಹೋಯಿತು. ರಾಡ್ರಿಗೆಜ್ ಏಂಜಲ್ಸ್‌ಗೆ, ಬದಲಿಗೆ ಟೇಲರ್ ವಾರ್ಡ್. ವಾರ್ಡ್ ಈ ವರ್ಷ 36 ಹೋಮ್ ರನ್ ಹೊಡೆದವರು, ಆದರೆ ಅವರ ಮೇಲೆ ತಂಡಕ್ಕೆ ಉಳಿದಿರುವುದು ಒಂದೇ ವರ್ಷದ ಹಿಡಿತ. ರಾಡ್ರಿಗೆಜ್ ಮೇಲೆ ನಾಲ್ಕು ವರ್ಷದ್ದು ಇತ್ತು. ಪಿಚರ್ ಬರಗಾಲದ ತಂಡ ತನ್ನ ಒಬ್ಬ ಪಿಚರ್‌ನನ್ನು ಕೊಟ್ಟು ಮತ್ತೊಬ್ಬ ಬ್ಯಾಟರ್‌ನನ್ನು ತಂದಿದೆ. ಗಾಯದ ಭಯ ಇತ್ತು, ನಿಜ. ಆದರೂ ಇದು ಸರಿಯಾದ ವ್ಯಾಪಾರವಲ್ಲ ಎಂದೇ ನನ್ನ ಅಭಿಪ್ರಾಯ.

ಡಿಸೆಂಬರ್

ಪೀಟ್ ಅಲೊನ್ಸೊ ಬಂದರು, ಐದು ವರ್ಷಕ್ಕೆ 15.5 ಕೋಟಿ ಡಾಲರ್. ಇಷ್ಟು ದಪ್ಪ ಕೆಂಪು ಗೆರೆ ಎಳೆದು ವರ್ಷಗಳೇ ಆಗಿದ್ದವು. ಫಸ್ಟ್ ಬೇಸ್‌ಗೆ ಅಲೊನ್ಸೊ ಬಂದ ಮೇಲೆ ಅಲ್ಲಿ ಆಡುತ್ತಿದ್ದ ಕೋಬಿ ಮೇಯೊ ಎಲ್ಲಿಗೆ? 2020ರ ನಾಲ್ಕನೇ ಸುತ್ತಿನ ಹುಡುಗ, ಈಗಷ್ಟೇ ಕೈ ಕುದುರುತ್ತಿತ್ತು. ಅವನ ಜಾಗವನ್ನು ಸದ್ಯ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.

ನಾನು ಫೆಬ್ರುವರಿಯಿಂದ ಕಾಯುತ್ತಿದ್ದ ಹೆಜ್ಜೆಯನ್ನೂ ಕೊನೆಗೆ ಇಟ್ಟಿದ್ದಾರೆ. ಟ್ಯಾಂಪಾ ಬೇಯಿಂದ ಬಲಗೈ ಪಿಚರ್ ಶೇನ್ ಬಾಜ್, ಬದಲಿಗೆ ನಾಲ್ವರು ಹುಡುಗರು ಮತ್ತು ಒಂದು ಡ್ರಾಫ್ಟ್ ಆಯ್ಕೆ. ಕೊಟ್ಟವರಲ್ಲಿ ಜುಲೈನಲ್ಲಿ ಬರೆದ ಬೋಡೈನ್ ಮತ್ತು ಡಿ ಬ್ರುನ್ ಕಾರ್ಡುಗಳೂ ಇವೆ. ಡಿ ಬ್ರುನ್ ಯಾವ ತಂಡ ಕೊಟ್ಟ ಆಯ್ಕೆಯಿಂದ ಬಂದನೋ ಅದೇ ತಂಡಕ್ಕೆ ಹೋದ. ಬೆಲೆ ಹೆಚ್ಚೇ. ಆದರೆ ಎಡಗಡೆಯ ಹಸಿರನ್ನು ಬಲಗಡೆಗೆ ಸಾಗಿಸುವ ದಾರಿ ಇದೊಂದೇ, ಮತ್ತು ಇದನ್ನು ಒಂದು ವರ್ಷ ಮೊದಲೇ ಮಾಡಿದ್ದರೆ 2025 ಹೀಗೆ ಕಳೆಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಬಾಜ್ ಕಾರ್ಡ್‌ಗೆ ನೀಲಿ ಪಟ್ಟಿ ಹಚ್ಚಿ ರಾಜರ್ಸ್, ಬ್ರಾಡಿಷ್, ಕ್ರೆಮರ್ ಪಕ್ಕಕ್ಕೆ ಇಟ್ಟಿದ್ದೇನೆ. ಜನವರಿಯಲ್ಲಿ ಮಾಡಬೇಕಾದ ಕೆಲಸ: ನಾರ್ಫೋಕ್ ಮತ್ತು ಬೋವಿಯ ಚೆಸಪೀಕ್ ಬೇಸಾಕ್ಸ್ ಎಂಬ ಕೆಳಗಿನ ತಂಡಗಳ ಪಿಚರ್‌ಗಳಿಗೂ ಕಾರ್ಡ್ ಶುರು ಮಾಡುವುದು, ಪ್ರತಿಯೊಬ್ಬನಿಗೂ ಕೆಳಗೆ ಕಳಿಸುವ ಅವಕಾಶ ಇನ್ನೆಷ್ಟು ವರ್ಷ ಉಳಿದಿದೆ ಎಂಬ ಅಂಕಣ ಸೇರಿಸುವುದು, ರಚ್‌ಮನ್ ಮತ್ತು ಬಸಾಯೊ ಇಬ್ಬರೂ ಕ್ಯಾಚರ್‌ಗಳಾದ್ದರಿಂದ ಯಾರು ಎಷ್ಟು ಪಂದ್ಯ ಕೀಪ್ ಮಾಡುತ್ತಾರೆಂದು ಗುರುತಿಸಲು ಪ್ರತ್ಯೇಕ ಹಾಳೆ ಗೆರೆ ಹಾಕಿಡುವುದು.