ಎಳೆಯುವ ಚೈನ್‌ಗೆ ಪೈಪ್ ಹಾಕಿ ಕೆಟ್ಟೆ

ಶಿವಮೊಗ್ಗದಲ್ಲಿ ಸೈಕಲ್ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಯಿತು. ಗೇರ್ ಸೈಕಲ್ ಅಂದ್ರೆ ನನ್ನ ಹತ್ತಿರವೇ ಬರಬೇಕು ಅನ್ನೋ ಜಂಬ ಇತ್ತು. ಅದನ್ನು ಇಳಿಸಿದ್ದು ಒಂದು ಒರಗು ಸೈಕಲ್.

ಮುಂದೆ ಎರಡು ಚಕ್ರ, ಹಿಂದೆ ಒಂದು. ಆರಾಮ ಕುರ್ಚಿಯ ಹಾಗೆ ಒರಗಿ, ಕಾಲು ಚಾಚಿ ತುಳಿಯಬೇಕು. ಪೆಡಲ್ ಮೂತಿಯಲ್ಲಿ, ಗೇರ್ ಹಿಂದಿನ ಚಕ್ರದಲ್ಲಿ. ಪ್ಯಾಕೆಟ್‌ಗೆ 116 ಲಿಂಕ್ ಇರುವ ಚೈನ್ ಎರಡೂವರೆ ಹಿಡಿಯಿತು. ಅಷ್ಟುದ್ದದ ಚೈನು ಸೀಟಿನ ಕೆಳಗೆ ತಗ್ಗಿ ಹೋಗಬೇಕು. ಅದಕ್ಕೆ ಅಲ್ಲೊಂದು ಹಲ್ಲಿನ ರಾಟೆ. ಹಲ್ಲು ಸವೆದಿತ್ತು. ಚೈನಿನ ಕೆಳಗಿನ ಸಾಲಿಗೆ ತೊಡಿಸಿದ್ದ ಪ್ಲಾಸ್ಟಿಕ್ ಪೈಪೂ ಸೀಳಿತ್ತು.

ಸೈಕಲ್ ಯಜಮಾನರಿಗೆ ಆಗುಂಬೆಗೆ ಹೋಗುವ ಅವಸರ. ನಾನು ರಾಟೆಯ ಜಾಗಕ್ಕೆ ಗೇರ್ ಬದಲಿಸುವ ಡಿರೇಲರಿನ 11 ಹಲ್ಲಿನ ಪುಟ್ಟ ಚಕ್ರ ಕೂರಿಸಿದೆ. ಮಲೆನಾಡಿನ ಕೆಸರು, ಪ್ಯಾಂಟಿಗೂ ಗ್ರೀಸ್ ಆಗಬಾರದು ಅಂತ ಚೈನಿನ ಮೇಲಿನ ಸಾಲಿಗೂ ಪೈಪ್ ತೊಡಿಸಿದೆ. ಅವರು ಕೇಳಿರಲಿಲ್ಲ, ಸುಮ್ನೆ ನನ್ನ ಉಪಕಾರ.

ಮಧ್ಯಾಹ್ನ ಮಂಡಗದ್ದೆಯಿಂದ ಫೋನ್. "ಏನಣ್ಣಾ, ಏರು ಬಂದ್ರೆ ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗೆ ಆಗ್ತದೆ. ಕರಕರ ಸದ್ದು ಬೇರೆ." ಸೈಕಲ್ ವಾಪಸ್ ಬಂದಿದ್ದು ಲಗೇಜ್ ಆಟೋದಲ್ಲಿ.

ಪೈಪನ್ನು ಉದ್ದಕ್ಕೆ ಸೀಳಿ ನೋಡಿದೆ. ಬಾಗಿದ ಕಡೆ ಒಳಮೈಯಲ್ಲಿ ಎರಡು ಗೆರೆ, ಉಗುರು ಕೂರುವಷ್ಟು ಆಳ. ಕೊಬ್ಬರಿ ತುರಿದ ಹಾಗೆ ಪ್ಲಾಸ್ಟಿಕ್ ಉದುರಿತ್ತು, ಗ್ರೀಸ್ ಮೆತ್ತಿ ಕಪ್ಪಾಗಿ.

ಬಾವಿ ಹಗ್ಗ ನೆನಪಾಯಿತು. ಕೊಡ ತುಂಬಿದ ಕಡೆ ಹಗ್ಗ ಸೆಟೆದಿರುತ್ತೆ, ಅಲ್ವಾ? ಇಲ್ಲೂ ಅಷ್ಟೇ. ತುಳಿದಾಗ ಎಳೆಯುವುದು ಮೇಲಿನ ಚೈನ್. ಕೆಳಗಿನದು ಖಾಲಿ ಬರುವ ಚೈನ್. ಪೆಡಲಿನ ತೋಳು 170 ಮಿ.ಮೀ. ಪೆಡಲಿನ ಹಲ್ಲುಚಕ್ರ 42 ಹಲ್ಲಿನದಾದರೆ ಅದರ ಅರ್ಧ ಅಗಲ ಸುಮಾರು 85. ಅಂದರೆ ಕಾಲು 40 ಕೆ.ಜಿ. ಒತ್ತಿದರೆ ಚೈನ್ 80 ಕೆ.ಜಿ. ಎಳೆಯುತ್ತೆ. ಆ ಚೈನು ರಾಟೆಯ ಮೇಲೆ 20 ಡಿಗ್ರಿ ತಿರುಗಿದರೆ ರಾಟೆಗೆ ಬೀಳುವ ಭಾರ 28 ಕೆ.ಜಿ. ಹತ್ತಿರ. ತಿರುವು ಅರ್ಧಕ್ಕಿಳಿದರೆ ಭಾರವೂ ಅರ್ಧ. ನಾನು ಹಾಕಿದ ಪುಟ್ಟ ಚಕ್ರಕ್ಕೆ ಬೇರಿಂಗೂ ಇರಲಿಲ್ಲ, ಬರೀ ಬುಷ್, ಅಂದ್ರೆ ಗುಂಡುಗಳಿಲ್ಲದ ಕೊಳವೆ. ಚಿಕ್ಕ ಚಕ್ರದಲ್ಲಿ ಪ್ರತಿ ಲಿಂಕೂ ಜಾಸ್ತಿ ಮಡಚಬೇಕು, ಸದ್ದೂ ಜಾಸ್ತಿ.

ರಾಟೆಯ ಜಾಗಕ್ಕೆ ಮಕ್ಕಳ ಸೈಕಲಿನ ಫ್ರೀವೀಲ್, ಅಂದ್ರೆ ಹಿಂದಿನ ಹಲ್ಲುಚಕ್ರ, ಹಾಕಿ ನೋಡಿದೆ. ಅದರ ಹಲ್ಲು ದಪ್ಪ, ಗೇರ್ ಚೈನಿನ ಒಳಗೆ ಕೂರುವುದೇ ಇಲ್ಲ. ಕೊನೆಗೆ ಬೇರಿಂಗ್ ಇರುವ ದೊಡ್ಡ ರಾಟೆಯನ್ನೇ ಅವರು ತರಿಸಿದರು. ಮೇಲಿನ ಪೈಪ್ ಕಿತ್ತು ಹಾಕಿ, ಆ ಚೈನ್ ಆದಷ್ಟೂ ನೇರ ಹೋಗುವ ಹಾಗೆ ರಾಟೆಯ ಎತ್ತರ ಸರಿಮಾಡಿದೆ. ಗೇರ್ ಬದಲಾದಾಗ ಚೈನ್ ಅತ್ತಿತ್ತ ಸರಿಯುತ್ತೆ, ಅದಕ್ಕೆ ರಾಟೆ ಅಚ್ಚಿನ ಮೇಲೆ ಸ್ವಲ್ಪ ಆಡಲು ಬಿಟ್ಟೆ. ಕೆಳಗಿನ ಚೈನಿಗೆ ಹೊಸ ಪೈಪ್. ಅದರ ಎರಡೂ ತುದಿಯನ್ನು ಬಿಸಿ ಮಾಡಿ ತುತ್ತೂರಿಯ ಬಾಯಿಯಂತೆ ಅರಳಿಸಿದೆ, ಲಿಂಕ್ ತಗುಲಬಾರದಲ್ಲ.

ಎಲ್ಲ ಮುಗಿಯಿತು ಅಂದುಕೊಂಡರೆ, "ನನ್ನ ಹೆಂಡತಿಯೂ ಓಡಿಸ್ತಾಳೆ, ಪೆಡಲ್ ಎರಡಿಂಚು ಹತ್ತಿರ ತನ್ನಿ" ಅಂದರು. ಪೆಡಲ್ ಎರಡಿಂಚು ಸರಿದರೆ ಚೈನ್ ನಾಲ್ಕಿಂಚು ಸಡಿಲ, ಎಂಟು ಲಿಂಕ್. ಚೈನ್ ಕಟರ್ ಮತ್ತೆ ಕೈಗೆ ತಗೊಂಡೆ.