ಕಳ್ಳ ವೈ-ಫೈ ಬೇಟೆ: ಮೂರನೇ ವಾರ, ಪೋರ್ಟ್ 17

ಅಂತೂ ಒಂದು ಸಿಕ್ಕಿತು. ಸುಳಿವು ಕೊಟ್ಟದ್ದು ಗಾಳಿ, ಸಿಕ್ಕಿಬಿದ್ದದ್ದು ತಂತಿಯಲ್ಲಿ.

ಮೊದಲಿನಿಂದ ಹೇಳುತ್ತೇನೆ. ನಾನು ನೋಡಿಕೊಳ್ಳುವ ನೆಟ್‌ವರ್ಕ್‌ನಲ್ಲಿ 4 ಆಕ್ಸೆಸ್ ಪಾಯಿಂಟ್‌ಗಳಿವೆ, ಅಂದರೆ ವೈ-ಫೈ ಹರಡುವ ಡಬ್ಬಿಗಳು. ಯಾರಾದರೂ ಹೇಳದೆ ಕೇಳದೆ ಐದನೆಯದನ್ನು ಗೋಡೆಯ ಸಾಕೆಟ್‌ಗೆ ಸಿಕ್ಕಿಸಿದರೆ ನನಗೆ ಗೊತ್ತಾಗಬೇಕು, ಅಷ್ಟೇ ಆಸೆ. ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಸುತ್ತಲಿನ ವೈ-ಫೈ ಮಾತನ್ನೆಲ್ಲ ಕದ್ದು ಕೇಳುವ ಮಾನಿಟರ್ ಮೋಡ್‌ಗೆ ಹೋಗುವ ಯುಎಸ್‌ಬಿ ಅಡಾಪ್ಟರ್, ಅದರ ಮೇಲೆ ಗಾಳಿಯಲ್ಲಿ ಕಂಡ ವೈ-ಫೈಗಳನ್ನು ಗುರುತಿಸುವ ಕಿಸ್ಮೆಟ್ ತಂತ್ರಾಂಶ. ಜೋಡಿಸಲು ಒಂದು ಸಂಜೆ ಸಾಕಾಯಿತು.

ಮೊದಲ ರಾತ್ರಿಯೇ ಅಲರ್ಟ್‌ಗಳ ಸುರಿಮಳೆ. ನೋಡಿದರೆ ಎಲ್ಲ ನಮ್ಮವೇ! ಡಬ್ಬಿಯ ಬೆನ್ನಿಗೆ ಅಂಟಿಸಿದ್ದ ಮ್ಯಾಕ್ ವಿಳಾಸ (0–9, ಎ–ಎಫ್ ಅಂಕೆಗಳಲ್ಲಿ ಬರೆಯುವ ಉಪಕರಣದ ಗುರುತು) ಮಾತ್ರ 'ಇವು ನಮ್ಮವು' ಅನ್ನುವ ಪಟ್ಟಿಗೆ ಹಾಕಿದ್ದೆ. ಆದರೆ ಒಂದೊಂದರಲ್ಲೂ 2 ರೇಡಿಯೊ, ಪ್ರತಿ ರೇಡಿಯೊದಲ್ಲಿ 3 ವೈ-ಫೈ ಹೆಸರು, ಪ್ರತಿಯೊಂದಕ್ಕೂ ಬೇರೆ ಬಿಎಸ್‌ಎಸ್‌ಐಡಿ, ಅಂದರೆ ಗಾಳಿಯಲ್ಲಿ ಕಾಣುವ ಮ್ಯಾಕ್ ವಿಳಾಸ. ಪಟ್ಟಿಯಲ್ಲಿ 4, ಗಾಳಿಯಲ್ಲಿ 24. ಎರಡನೇ ವಾರ ಪೂರ್ತಿ ಪಟ್ಟಿ ಸರಿಮಾಡುವುದರಲ್ಲೇ ಹೋಯಿತು. ಅಕ್ಕಪಕ್ಕದವರ ವೈ-ಫೈಗಳನ್ನೂ ಬೇರೆ ಮಾಡಿಟ್ಟೆ.

ಕೊನೆಗೆ ಒಂದು ಉಳಿಯಿತು. ಹೆಸರು ಅಡಗಿಸಿತ್ತು. ಚಾನೆಲ್ 6, ಸಿಗ್ನಲ್ ಮೈನಸ್ 52 ಡಿಬಿಎಂ (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು). ಹೆಸರು ಅಡಗಿಸಿದರೂ ಬೀಕನ್ ನಿಲ್ಲುವುದಿಲ್ಲ. ಸಾಮಾನ್ಯವಾಗಿ 102.4 ಮಿಲಿಸೆಕೆಂಡ್‌ಗೊಮ್ಮೆ 'ಇದ್ದೇನೆ' ಅಂತ ಕೂಗುತ್ತಲೇ ಇರುತ್ತದೆ. ಯಾರದೋ ಫೋನಿನ ಹಾಟ್‌ಸ್ಪಾಟ್ ಅಂದುಕೊಂಡೆ. ಆದರೆ ವಿಳಾಸದ ಎರಡನೇ ಅಂಕೆ 2, 6, ಎ, ಇ ಯಾವುದೂ ಅಲ್ಲ. ಅಂದರೆ ಫೋನ್ ತಾನೇ ಕಟ್ಟಿಕೊಂಡ ಸುಳ್ಳು ವಿಳಾಸದ ಹಾಗೆ ಕಾಣಲಿಲ್ಲ. ಮೇಲಾಗಿ ಎಲ್ಲರೂ ಹೋದ ಮೇಲೂ ರಾತ್ರಿಯಿಡೀ ಇತ್ತು. ಫೋನು ಮನೆಗೆ ಹೋಗುತ್ತದೆ, ಅಲ್ವಾ?

ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್‌ನ ಮ್ಯಾಕ್ ಟೇಬಲ್‌ನಲ್ಲಿ, ಅಂದರೆ ಯಾವ ಪೋರ್ಟ್‌ನಲ್ಲಿ (ಕೇಬಲ್ ಸಿಕ್ಕಿಸುವ ಕಿಂಡಿ) ಯಾವ ವಿಳಾಸ ಅನ್ನುವ ಪಟ್ಟಿಯಲ್ಲಿ, ಆ ವಿಳಾಸ ಹುಡುಕಿದೆ. ಸಿಗಲಿಲ್ಲ. ಇಂಥ ಡಬ್ಬಿ ತಂತಿಯ ಕಡೆಗೆ ಬೇರೆ ವಿಳಾಸ ತೋರಿಸುತ್ತದೆ, ಆದರೆ ಬಹಳ ಸಲ ಕೊನೆಯಲ್ಲಿ ಒಂದೆರಡು ಅಂಕೆಯದೇ ವ್ಯತ್ಯಾಸ. ಹಾಗೆ ಹುಡುಕಿದಾಗ ಪೋರ್ಟ್ 17 ಕಣ್ಣಿಗೆ ಬಿತ್ತು. ಗಾಳಿಯಲ್ಲಿ ಕೊನೆಗೆ 3ಎಫ್, ತಂತಿಯಲ್ಲಿ 3ಇ.

ಬರೀ ಹೋಲಿಕೆ ನಂಬಿ ಯಾರ ಕೇಬಲ್ಲನ್ನೂ ಕೀಳಲು ಮನಸ್ಸಾಗಲಿಲ್ಲ. ಪೋರ್ಟ್ ಮಿರರ್ ಮಾಡಿ (ಅದರಲ್ಲಿ ಹಾಯುವುದರ ನಕಲು ತೆಗೆದುಕೊಂಡು), ಅದನ್ನು ಓದುವ ಟಿಸಿಪಿಡಂಪ್ ಓಡಿಸಿ, ಪ್ರತಿ ಪ್ಯಾಕೆಟ್ ಹೊತ್ತು ತರುವ ಟಿಟಿಎಲ್ ಅನ್ನುವ ಎಣಿಕೆ ನೋಡಿದೆ. ಫೋನ್, ಲಿನಕ್ಸ್ ಸಾಮಾನ್ಯವಾಗಿ 64ರಿಂದ ಶುರು ಮಾಡುತ್ತವೆ, ವಿಂಡೋಸ್ 128ರಿಂದ. ನಡುವೆ ಒಂದು ರೂಟರ್ ಇದ್ದರೆ ಒಂದು ಕಡಿಮೆ. ಪೋರ್ಟ್ 17ರಲ್ಲಿ ಒಂದೇ ಮ್ಯಾಕ್‌ನಿಂದ 63, 127, ಆಗೊಮ್ಮೆ ಈಗೊಮ್ಮೆ 64. ಮೊದಲೆರಡು ರೂಟರ್ ಹಿಂದಿನವು, 64 ಬಹುಶಃ ರೂಟರಿನದೇ. 'ಒಬ್ಬನೇ ಇದ್ದೇನೆ' ಅನ್ನುವ ಮನೆಯ ಬಾಗಿಲಲ್ಲಿ ಮೂರು ಅಳತೆಯ ಚಪ್ಪಲಿ!

ಕೇಬಲ್ ಹಿಡಿದು ಹೋದೆ. ಪ್ರಿಂಟರ್ ಹಿಂದೆ ಅಂಗೈಯಗಲದ ರೂಟರ್, ಧೂಳು ಬೇರೆ ಹಿಡಿದಿತ್ತು.

ಡಿಆಥ್ ಫ್ರೇಮ್ ('ಸಂಪರ್ಕ ಕಡಿದುಕೋ' ಅನ್ನುವ ವೈ-ಫೈ ಸಂದೇಶ) ಕಳಿಸಿ ಒದ್ದೋಡಿಸಬಹುದಿತ್ತು ಅನ್ನುವವರಿದ್ದಾರೆ. ಬೇಡಪ್ಪ. ಗುರಿ ತಪ್ಪಿದರೆ ಪಕ್ಕದವರ ವೈ-ಫೈಗೆ ಏಟು. ಅತಿಥಿಗಳ ಹಾಟ್‌ಸ್ಪಾಟ್‌ಗಳನ್ನು ಹೀಗೆ ತಡೆದದ್ದಕ್ಕೆ 2014ರಲ್ಲಿ ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ಒಂದು ಹೋಟೆಲ್ ಕಂಪನಿಯಿಂದ 6 ಲಕ್ಷ ಡಾಲರ್ ಕಟ್ಟಿಸಿಕೊಂಡಿತ್ತು. ನಾನು ಸುಮ್ನೆ ಕೇಬಲ್ ಕಿತ್ತೆ.

ಐದು ನಿಮಿಷಕ್ಕೆ ಅದರ ಯಜಮಾನರು ಬಂದರು. "ಇಲ್ಲಿ ಸಿಗ್ನಲ್ಲೇ ಬರಲ್ಲ, ಅದಕ್ಕೆ ಹಾಕ್ಕೊಂಡೆ" ಅಂದರು. ಅವರ ಮೇಜಿನ ಹತ್ತಿರ ನಿಂತು ಅಳೆದೆ. ನಮ್ಮ ವೈ-ಫೈ ಅಲ್ಲಿ ಮೈನಸ್ 83. ಐದನೇ ಆಕ್ಸೆಸ್ ಪಾಯಿಂಟ್ ಈಗ ನಾನೇ ಹಾಕಬೇಕು. ಪಟ್ಟಿಗೆ ಇನ್ನೂ 6 ಸಾಲು.